ಅಪ್ಪನ ಜೊತೆ ಹಾಸನ, ಚಿಕ್ಕಮಗಳೂರು: ನೆಂಟರ ಮನೆಗಳೂ ಮ್ಯೂಸಿಯಂಗಳೂ ಒಂದೇ ಸಲಕ್ಕೆ ಆಗುತ್ತದಾ?

ಮೇಷ್ಟ್ರ ಮಗ

ಎಲ್ಲರಿಗೂ ನಮಸ್ಕಾರ. ನವೆಂಬರ್ ಕೊನೇ ವಾರ ಅಪ್ಪ ಅಮ್ಮನನ್ನು ಕರೆದುಕೊಂಡು ಬೆಂಗಳೂರಿನಿಂದ ಕಾರಿನಲ್ಲಿ ಹೊರಡಬೇಕು ಅಂತ ಇದ್ದೇನೆ. ಅಪ್ಪನಿಗೆ 74. ಅರಸೀಕೆರೆ ಕಡೆ ಹೈಸ್ಕೂಲಿನಲ್ಲಿ 31 ವರ್ಷ ಸಮಾಜ ವಿಜ್ಞಾನ ಪಾಠ ಮಾಡಿದವರು. ಪ್ರತಿ ವರ್ಷ ಹತ್ತನೇ ಕ್ಲಾಸಿನ ಮಕ್ಕಳನ್ನು ಬಸ್ಸಿನಲ್ಲಿ ತುಂಬಿಕೊಂಡು ಹಳೇಬೀಡಿಗೆ ಹೋಗುತ್ತಿದ್ದರು, ಆದರೆ ಅಲ್ಲಿನ ಮ್ಯೂಸಿಯಂ ಒಳಗೆ ಒಂದು ಸಲವೂ ನೆಮ್ಮದಿಯಾಗಿ ನಿಂತು ನೋಡಿಲ್ಲವಂತೆ. ಮಕ್ಕಳ ತಲೆ ಎಣಿಸುವುದರಲ್ಲೇ ಹೊತ್ತು ಹೋಗುತ್ತಿತ್ತು, ಅಷ್ಟರಲ್ಲಿ ಡ್ರೈವರ್ ಹಾರ್ನ್ ಹೊಡೆಯುತ್ತಿದ್ದ ಅನ್ನುತ್ತಾರೆ. ಮೊನ್ನೆ ಊಟ ಮಾಡುತ್ತಾ ಇದನ್ನು ಹೇಳಿದರು, ಅವತ್ತಿನಿಂದ ನನ್ನ ತಲೆಯಲ್ಲಿ ಇದೇ ಓಡುತ್ತಿದೆ.

ನೋಡಬೇಕಾದವರು ಮೂರು ಕಡೆ ಇದ್ದಾರೆ. ಹಾಸನದಲ್ಲಿ ಅತ್ತೆ, ಅಂದರೆ ಅಪ್ಪನ ತಂಗಿ, ಮಾವ ಹೋದ ಮೇಲೆ ಒಬ್ಬರೇ ಇದ್ದಾರೆ. ಆಲ್ದೂರಿನ ಹತ್ತಿರ ಅಪ್ಪನ ಕಾಲೇಜು ಗೆಳೆಯರ ಕಾಫಿ ತೋಟ. ಕೊಪ್ಪದಲ್ಲಿ ಚಿಕ್ಕಪ್ಪನ ಮನೆ. ಅಮ್ಮನಿಗೆ ಬೇಲೂರಿನಲ್ಲಿ ಚೆನ್ನಕೇಶವನ ದರ್ಶನ ಆಗಲೇಬೇಕು. ನಾನು ಹಾಕಿಕೊಂಡಿರುವ ಲೆಕ್ಕ ಹೀಗಿದೆ: ಶುಕ್ರವಾರ ಬೆಳಿಗ್ಗೆ ಬಿಟ್ಟು ಹಾಸನದಲ್ಲಿ ಅತ್ತೆ ಮನೆಯಲ್ಲಿ ಊಟ ಮಾಡಿ ಮಧ್ಯಾಹ್ನ ಹಳೇಬೀಡು, ಶನಿವಾರ ಬೇಲೂರು ಮತ್ತು ಚಿಕ್ಕಮಗಳೂರಿನ ಕಾಫಿ ಮ್ಯೂಸಿಯಂ, ಭಾನುವಾರ ಕೊಪ್ಪ, ಸೋಮವಾರ ವಾಪಸ್.

ಇದು ಆಗುತ್ತದಾ? ಅಪ್ಪನಿಗೆ ಮಂಡಿ ನೋವು ಇದೆ, ಮೆಟ್ಟಿಲು ಜಾಸ್ತಿ ಹತ್ತಲು ಆಗುವುದಿಲ್ಲ. ಇನ್ನೊಂದು ಭಯ ಏನೆಂದರೆ ನೆಂಟರ ಮನೆಗೆ ಕಾಲಿಟ್ಟರೆ ಅಲ್ಲಿಂದ ಏಳುವುದೇ ಕಷ್ಟ. ಬೇಗ ಎದ್ದರೆ ಅವರಿಗೆ ಬೇಜಾರು, ಏಳದಿದ್ದರೆ ಮ್ಯೂಸಿಯಂ ಬಾಗಿಲು ಹಾಕಿರುತ್ತದೆ. ಇಂಥ ಪ್ರಯಾಣ ಮಾಡಿದವರು ಹೇಳಿ.

ಹಳೇಬೀಡು ರಸ್ತೆ

ಸರ್, ಮೊದಲು ಆ ಶುಕ್ರವಾರವನ್ನು ಬದಲಾಯಿಸಿ! ಹಳೇಬೀಡಿನ ಮ್ಯೂಸಿಯಂಗೆ ಶುಕ್ರವಾರ ರಜೆ. ದೇವಸ್ಥಾನ ತೆಗೆದಿರುತ್ತದೆ, ಪಕ್ಕದ ಮ್ಯೂಸಿಯಂ ಮಾತ್ರ ಬೀಗ ಹಾಕಿರುತ್ತದೆ. ನಾನು ನಮ್ಮ ಸೋದರಮಾವನನ್ನು ಮೈಸೂರಿನಿಂದ ಕರೆದುಕೊಂಡು ಬಂದು ಗೇಟಿನ ಮುಂದೆ ನಿಂತಾಗ ಈ ವಿಷಯ ಗೊತ್ತಾಯಿತು. ಅವರು ಏನೂ ಅನ್ನಲಿಲ್ಲ. ಕಂಬಿಯ ಸಂದಿಯಿಂದ ಒಳಗಿನ ಮೂರ್ತಿಗಳನ್ನು ನೋಡುತ್ತಾ ಐದು ನಿಮಿಷ ನಿಂತಿದ್ದರು. ಅದು ಈಗಲೂ ನನ್ನ ಮನಸ್ಸಿನಲ್ಲಿ ಹಾಗೇ ಉಳಿದಿದೆ. ನಿಮ್ಮ ತಂದೆಗೆ ಹಾಗೆ ಆಗಬಾರದು.

ಬುಧವಾರ ಹೊರಡಿ. ಹಾಸನ 185 ಕಿಲೋಮೀಟರ್ ಆಸುಪಾಸು, ಕುಣಿಗಲ್, ಚನ್ನರಾಯಪಟ್ಟಣದ ಮೇಲೆ ರಸ್ತೆ ಚೆನ್ನಾಗಿದೆ. ಬುಧವಾರ ಪೂರ್ತಿ ಅತ್ತೆಗೆ ಕೊಟ್ಟುಬಿಡಿ. ಗುರುವಾರ ಬೆಳಿಗ್ಗೆ ಹಳೇಬೀಡು, ಅಲ್ಲಿಂದ 16 ಕಿಲೋಮೀಟರ್ ಬೇಲೂರು. ದಾರಿಯಲ್ಲಿ ಶ್ರವಣಬೆಳಗೊಳದ ಬೋರ್ಡು ನೋಡಿ ಆಸೆಪಡಬೇಡಿ. ವಿಂಧ್ಯಗಿರಿಗೆ ಆರುನೂರಕ್ಕೂ ಜಾಸ್ತಿ ಮೆಟ್ಟಿಲು. ಡೋಲಿ ಸಿಗುತ್ತದೆ ನಿಜ, ಆದರೆ ಅದಕ್ಕೇ ಒಂದು ದಿನ ಬೇಕು.

ಹಳೇಬೀಡಿನಲ್ಲಿ ದೇವಸ್ಥಾನ ನೋಡಿಕೊಂಡು ಸುಸ್ತಾದ ಮೇಲೆ ಮ್ಯೂಸಿಯಂಗೆ ಹೋಗಬೇಡಿ. ನಾವೆಲ್ಲ ಮಾಡುವ ತಪ್ಪು ಅದೇ. ಮೊದಲು ಮ್ಯೂಸಿಯಂಗೆ ಹೋಗಿ. ದೇವಸ್ಥಾನದ ಗೋಡೆಯಲ್ಲಿ ಸಾಲು ಸಾಲು ಇದ್ದಾಗ ಕಣ್ಣು ಯಾವುದರ ಮೇಲೂ ನಿಲ್ಲುವುದಿಲ್ಲ, ಮ್ಯೂಸಿಯಂನಲ್ಲಿ ಒಂದೊಂದೇ ಮೂರ್ತಿ ನಿಮ್ಮ ಎದೆಯ ಮಟ್ಟಕ್ಕೆ ಇರುತ್ತದೆ. ಒಂದು ಮುರಿದ ಕೈ, ಅದರ ಮೇಲೆ ಬಳೆ, ಬಳೆಗೂ ಮಣಿಕಟ್ಟಿಗೂ ನಡುವೆ ಉಳಿ ಹೋಗಿ ಬಂದ ಸಂದು, ಇದೆಲ್ಲ ಹತ್ತಿರದಿಂದ ಕಾಣುತ್ತದೆ. ಅದು ಬಳಪದ ಕಲ್ಲು. ಗಣಿಯಿಂದ ತೆಗೆದಾಗ ಮೆತ್ತಗಿರುತ್ತದೆ, ಗಾಳಿಗೆ ಬಿದ್ದ ಮೇಲೆ ಗಟ್ಟಿಯಾಗುತ್ತಾ ಹೋಗುತ್ತದೆ, ಅದಕ್ಕೇ ಅಷ್ಟು ಸಣ್ಣ ಕೆಲಸ ಮಾಡಲು ಆಯಿತು. ಇದನ್ನು ನೋಡಿ ಆಮೇಲೆ ದೇವಸ್ಥಾನದ ಗೋಡೆಗೆ ಹೋದರೆ ಆ ಗೋಡೆಯೇ ಬೇರೆ ಥರ ಕಾಣುತ್ತದೆ.

ಮಂಡಿ ನೋವಿದ್ದರೂ ಬಸದಿಹಳ್ಳಿಯ ಜೈನ ಬಸದಿಗಳನ್ನು ಬಿಡಬೇಡಿ. ಹತ್ತಿರವೇ ಇದೆ, ಜನ ಕಡಿಮೆ. ಪಾರ್ಶ್ವನಾಥ ಬಸದಿಯ ಕಂಬಗಳಿಗೆ ಎಷ್ಟು ನಯ ಕೊಟ್ಟಿದ್ದಾರೆ ಅಂದರೆ ಎದುರು ನಿಂತರೆ ನಮ್ಮ ನೆರಳು ಕನ್ನಡಿಯಲ್ಲಿ ಕಂಡ ಹಾಗೆ ಕಾಣುತ್ತದೆ. ಕಟ್ಟಿದ್ದು 1133ರಲ್ಲಿ.

ತೋಟದ ದಾರಿ

ನಾನು ಆಲ್ದೂರು ಕಡೆಯವನೇ, ಹಾಗಾಗಿ ತೋಟದ ಭಾಗ ಮಾತ್ರ ಹೇಳುತ್ತೇನೆ.

ನವೆಂಬರ್ ಕೊನೆ ಅಂದರೆ ಅರೇಬಿಕಾ ಹಣ್ಣು ಕುಯ್ಯುವ ಕಾಲ. ನಿಮ್ಮ ತಂದೆಯ ಗೆಳೆಯರಿಗೆ ಬೆಳಿಗ್ಗೆಯಿಂದ ಕೂರಲು ಪುರುಸೊತ್ತು ಇರುವುದಿಲ್ಲ. ಆಳುಗಳೇ ಸಿಗುವುದಿಲ್ಲ, ಸಿಕ್ಕಿದ ದಿನ ಬಿಡಲು ಆಗುವುದಿಲ್ಲ. ಹಾಗಂತ ಹೋಗಬೇಡಿ ಅನ್ನುತ್ತಿಲ್ಲ, ಹೋಗಬೇಕಾದ ಕಾಲವೇ ಇದು. ಆದರೆ ಸಂಜೆ ನಾಲ್ಕರ ಹೊತ್ತಿಗೆ ಸೇರಿಕೊಳ್ಳಿ. ಆಗ ಕುಯ್ದ ಹಣ್ಣಿನ ಮೂಟೆಗಳು ಕಣಕ್ಕೆ ಬರುತ್ತವೆ, ತೋಟದ ಲೆಕ್ಕ ಬರೆಯುವ ರೈಟರು ಪುಸ್ತಕ ಹಿಡಿದು ನಿಂತಿರುತ್ತಾರೆ, ಒಬ್ಬೊಬ್ಬರದೇ ತೂಕ ಆಗುತ್ತದೆ. ತೂಕ ಮುಗಿದು, ಹಣ್ಣಿನ ಸಿಪ್ಪೆ ಬಿಡಿಸುವ ಯಂತ್ರ ಪಲ್ಪರ್ ಶುರು ಮಾಡಿ, ಹಣ್ಣಿನ ಸಿಪ್ಪೆಯ ಆ ಹುಳಿ ಸಿಹಿ ವಾಸನೆ ಬರುವ ಹೊತ್ತಿಗೆ ಸಾಹುಕಾರರು ಮನೆ ಜಗಲಿಗೆ ಬಂದು ಕೂರುತ್ತಾರೆ. ಆಮೇಲೆ ರಾತ್ರಿ ಹತ್ತರ ತನಕ ಮಾತಾಡಬಹುದು. ರಾತ್ರಿ ಅಲ್ಲೇ ಉಳಿಯಿರಿ. ಒಂದು ಗಂಟೆಗೆ ಅಂತ ಹೋದರೆ ಇಬ್ಬರಿಗೂ ಸಮಾಧಾನ ಆಗುವುದಿಲ್ಲ.

ಆದರೆ ಕತ್ತಲಾಗುವ ಮುಂಚೆ ತಲುಪಿ, ಇದನ್ನು ದಯವಿಟ್ಟು ಹಗುರವಾಗಿ ತೆಗೆದುಕೊಳ್ಳಬೇಡಿ. ನಮ್ಮ ಕಡೆ, ಬೇಲೂರು, ಆಲೂರು, ಸಕಲೇಶಪುರ, ಮೂಡಿಗೆರೆ ಎಲ್ಲ ಕಡೆಯೂ ಈಗ ಆನೆ ಕಾಟ ಇದೆ. ಫೋನಿನ ಮ್ಯಾಪು ಹತ್ತಿರದ ದಾರಿ ಅಂತ ತೋಟಗಳ ಒಳಗಿನ ಮಣ್ಣು ರಸ್ತೆಗೆ ತಿರುಗಿಸುತ್ತದೆ. ಹೋದ ವರ್ಷ ನಮ್ಮ ಮನೆಗೆ ಬರುತ್ತಿದ್ದ ನೆಂಟರು ಹಾಗೇ ತಿರುಗಿಸಿಕೊಂಡು ಪಕ್ಕದ ತೋಟದ ಗೇಟಿನಲ್ಲಿ ಏಳು ಗಂಟೆಯ ಕತ್ತಲಲ್ಲಿ ಸಿಕ್ಕಿಹಾಕಿಕೊಂಡಿದ್ದರು. ಕಾರು ಹಿಂದೆ ತೆಗೆಯಲೂ ಜಾಗ ಇರಲಿಲ್ಲ. ಮುಖ್ಯ ರಸ್ತೆಯಲ್ಲೇ ನಿಂತು ಫೋನ್ ಮಾಡಿ, ಮನೆಯಿಂದ ಯಾರಾದರೂ ಬೈಕಿನಲ್ಲಿ ಬಂದು ದಾರಿ ತೋರಿಸುತ್ತಾರೆ. ಬೆಳಿಗ್ಗೆಯೇ ಅವರನ್ನು ಕೇಳಿ, ಆನೆ ಯಾವ ಕಡೆ ಇದೆ ಅನ್ನುವುದು ಊರವರಿಗೆ ಗೊತ್ತಿರುತ್ತದೆ.

ಕಾಫಿ ಮ್ಯೂಸಿಯಂ ಕಾಫಿ ಬೋರ್ಡಿನದು, ಚಿಕ್ಕಮಗಳೂರಿನಲ್ಲೇ ಇದೆ. ಬೀಜದಿಂದ ಲೋಟದ ತನಕ ಏನೇನು ಆಗುತ್ತದೆ ಅಂತ ಕ್ರಮವಾಗಿ ತೋರಿಸುತ್ತಾರೆ. ಶನಿವಾರ ಭಾನುವಾರ ನಂಬಿಕೊಂಡು ಹೋಗಬೇಡಿ, ಕೆಲಸದ ದಿನವೇ ಇಟ್ಟುಕೊಳ್ಳಿ. ಶುಕ್ರವಾರ ಮಧ್ಯಾಹ್ನ ಸರಿಹೋಗುತ್ತದೆ. ಮ್ಯೂಸಿಯಂನಲ್ಲಿ ನೋಡಿದ್ದನ್ನೇ ಸಂಜೆ ಗೆಳೆಯರ ಕಣದಲ್ಲಿ ಕಣ್ಣಾರೆ ನೋಡುತ್ತೀರಿ.

ಬೇಲೂರಿನವಳು

ನಿಮ್ಮ ಪ್ರಶ್ನೆ ಓದಿ ಸುಮ್ನೆ ಇರಲು ಆಗಲಿಲ್ಲ. ನಾನು ಬೇಲೂರಿನಲ್ಲಿ 40 ವರ್ಷದಿಂದ ಇದ್ದೇನೆ. ನನಗೆ ಅಣ್ಣನ ಮಕ್ಕಳು ನಾಲ್ವರು, ಎಲ್ಲರಿಗೂ ನಾನೇ ಅತ್ತೆ. ಹಾಗಾಗಿ ನಿಮ್ಮ ಅತ್ತೆಯ ಕಡೆಯಿಂದ ಎರಡು ಮಾತು.

ನೀವು ಬರುತ್ತೀರಿ ಅಂತ ಗೊತ್ತಾದ ದಿನದಿಂದ ಅವರ ತಲೆಯಲ್ಲಿ ಅಡುಗೆ ಶುರುವಾಗುತ್ತದೆ. ಅಣ್ಣನಿಗೆ ಏನು ಇಷ್ಟ, ಅತ್ತಿಗೆಗೆ ಸಕ್ಕರೆ ಕಾಯಿಲೆ ಇದೆಯಾ, ಅವರೆಕಾಯಿ ಬಂದಿದೆಯಾ, ಹಿತಕಿದ ಬೇಳೆ ಸಾರು ಮಾಡೋಣವಾ, ಹೀಗೆ. ನೀವು ಬಂದಾಗ ಅವರು ಒಲೆ ಮುಂದೆ ಇರುತ್ತಾರೆ. ನೀವು ಉಂಡು, ಗಡಿಯಾರ ನೋಡಿ ಏಳುತ್ತೀರಿ. ಅವರು ಕೈ ಒರೆಸಿಕೊಂಡು ಹೊರಗೆ ಬರುವ ಹೊತ್ತಿಗೆ ಕಾರು ಸ್ಟಾರ್ಟ್ ಆಗಿರುತ್ತದೆ. ಬಂದವರು ಹೋದರು ಅನ್ನುವುದಕ್ಕಿಂತ ಬಂದವರ ಜೊತೆ ಕೂತು ಒಂದು ಮಾತಾಡಲಿಲ್ಲವಲ್ಲ ಅನ್ನುವುದೇ ನಮಗೆ ಉಳಿಯುವುದು.

ಮೂರು ವರ್ಷದ ಕೆಳಗೆ ನನ್ನ ದೊಡ್ಡಣ್ಣನ ಮಗ ಬಂದಿದ್ದ. ಬಂದವನೇ, ಅತ್ತೆ, ಇವತ್ತು ಒಲೆ ಹಚ್ಚಬೇಡಿ, ಸೀರೆ ಉಟ್ಟುಕೊಂಡು ಬನ್ನಿ ಅಂದ. ಎಲ್ಲಿಗೆ ಅಂದೆ. ಹಳೇಬೀಡಿಗೆ ಅಂದ. ನಾನು ಹಳೇಬೀಡಿಗೆ ಎಷ್ಟೋ ಸಲ ಹೋಗಿದ್ದೇನೆ, ಮದುವೆಗೆ, ಗೃಹಪ್ರವೇಶಕ್ಕೆ, ಸಂತೆಗೆ. ಮ್ಯೂಸಿಯಂ ಒಳಗೆ ಮಾತ್ರ ಕಾಲಿಟ್ಟಿರಲಿಲ್ಲ. ನಮ್ಮ ಊರಿನದು, ಯಾವಾಗ ಬೇಕಾದರೂ ನೋಡಬಹುದು ಅಂತ ಬಿಟ್ಟಿದ್ದು ಅಷ್ಟೇ. ಅವತ್ತು ಒಂದು ಮೂರ್ತಿಯ ಸೊಂಟದ ಡಾಬು ನೋಡಿ ನಿಂತುಬಿಟ್ಟೆ. ನಮ್ಮ ಅಜ್ಜಿಯ ಹತ್ತಿರ ಅದೇ ಥರದ ಬೆಳ್ಳಿ ಡಾಬು ಇತ್ತು, ಮಧ್ಯದಲ್ಲಿ ಸಿಂಹದ ಮುಖ, ಎರಡೂ ಕಡೆ ಸಣ್ಣ ಸರಪಳಿ ಇಳಿಬಿದ್ದಿರುತ್ತಿತ್ತು. ಅದನ್ನು ಅಜ್ಜಿ ಯಾವ ಕಷ್ಟದಲ್ಲಿ ಮಾರಿದರು ಅನ್ನುವ ಕಥೆಯನ್ನು ಅವನಿಗೆ ಅಲ್ಲೇ ಹೇಳಿದೆ. ಆ ಹುಡುಗನಿಗೆ ಗೊತ್ತೇ ಇರಲಿಲ್ಲ. ಮನೆಯಲ್ಲಿ ಹತ್ತು ಸಲ ಊಟ ಹಾಕಿದ್ದರೂ ಆ ಮಾತು ಬಂದಿರಲಿಲ್ಲ.

ಅದಕ್ಕೇ ಹೇಳುತ್ತೇನೆ, ನೆಂಟರಿಗೆ ಇಷ್ಟು ಗಂಟೆ, ಮ್ಯೂಸಿಯಂಗೆ ಇಷ್ಟು ಗಂಟೆ ಅಂತ ಪಾಲು ಮಾಡಬೇಡಿ. ಅತ್ತೆಯನ್ನು ಕಾರಿನಲ್ಲಿ ಕೂರಿಸಿಕೊಳ್ಳಿ. ಹಿಂದಿನ ಸೀಟಿನಲ್ಲಿ ಅಣ್ಣ ತಂಗಿ ಪಕ್ಕ ಪಕ್ಕ ಕೂರಲಿ. ಅಮ್ಮ ಮುಂದೆ ಬರಲಿ. ಬುತ್ತಿ ಕಟ್ಟುತ್ತೇನೆ ಅಂತಾರೆ ನೋಡಿ, ಅದಕ್ಕೆ ಬೇಡ ಅನ್ನಬೇಡಿ, ಚಿತ್ರಾನ್ನ, ಮೊಸರನ್ನ ಇಷ್ಟೇ ಸಾಕು ಅಂತ ಹೇಳಿ. ಹಾಸನದಿಂದ ಹಳೇಬೀಡು, ಬೇಲೂರು, ಮತ್ತೆ ಹಾಸನ ಅಂದರೆ ಒಟ್ಟು 90 ಕಿಲೋಮೀಟರ್ ಆಸುಪಾಸು. ರಾತ್ರಿ ಅತ್ತೆ ಮನೆಗೇ ವಾಪಸ್ ಬಂದು ಮಲಗಿ, ಶುಕ್ರವಾರ ಬೆಳಿಗ್ಗೆ ಚಿಕ್ಕಮಗಳೂರಿಗೆ ಹೊರಡಿ. ಅದೇ ರಸ್ತೆಯಲ್ಲಿ ಮತ್ತೆ ಬರಬೇಕಲ್ಲ ಅನ್ನಿಸಬಹುದು, ಪರವಾಗಿಲ್ಲ.

ಬೇಲೂರಿನ ಬಗ್ಗೆ ಒಂದು: ಮಧ್ಯಾಹ್ನ ಗರ್ಭಗುಡಿ ಬಾಗಿಲು ಹಾಕುತ್ತಾರೆ, ಅಮ್ಮನ ದರ್ಶನ ಮುಖ್ಯ ಅಂದರೆ ಅದನ್ನು ನೋಡಿಕೊಂಡು ಬನ್ನಿ. ಬಿಸಿಲಿಗೆ ಪ್ರಾಂಗಣದ ಕಲ್ಲು ಸುಡುತ್ತದೆ, ಇಬ್ಬರಿಗೂ ದಪ್ಪ ಕಾಲುಚೀಲ ತನ್ನಿ. ಮೂವರಿಗೂ ಅನ್ನಿ, ಅತ್ತೆಗೂ ಸೇರಿಸಿ.

ಕಲ್ಲಿನ ಓದು

ಮೇಲೆ ಬೇಲೂರಿನವರು ಹೇಳಿದ ಸುತ್ತು ಬಹಳ ಒಳ್ಳೆಯದು. ಬೇಲೂರಿನಿಂದ ಹಾಸನಕ್ಕೆ ವಾಪಸ್ ಬರುವಾಗ ದೊಡ್ಡಗದ್ದವಳ್ಳಿಗೆ ತಿರುಗಿಕೊಳ್ಳಿ. ಕೆರೆ ಪಕ್ಕದ ಲಕ್ಷ್ಮೀ ದೇವಸ್ಥಾನ, ಬೇಲೂರಿಗಿಂತ ಸ್ವಲ್ಪ ಹಳೆಯದು, ನಾಲ್ಕು ಗರ್ಭಗುಡಿ. ರಾಜರಲ್ಲ, ಒಬ್ಬ ವ್ಯಾಪಾರಿ ಮತ್ತು ಅವರ ಹೆಂಡತಿ ಕಟ್ಟಿಸಿದ್ದು. ಸಂಜೆ ಬಿಸಿಲು ಕೆರೆ ಕಡೆಯಿಂದ ಬರುವಾಗ ಅಲ್ಲಿ ಅರ್ಧ ಗಂಟೆ ಕೂತರೆ ಸಾಕು.

ಆದರೆ ನಾನು ಬರೆಯಲು ಬಂದದ್ದು ಬೇರೆ ಕಾರಣಕ್ಕೆ. ನಿಮ್ಮ ತಂದೆ 31 ವರ್ಷ ಸಮಾಜ ವಿಜ್ಞಾನ ಹೇಳಿದವರು. ಅಂದರೆ ಬೋರ್ಡಿನ ಮೇಲೆ ಪ್ರತಿ ವರ್ಷ ಹಲ್ಮಿಡಿ ಶಾಸನ, ಕ್ರಿ.ಶ. ಸುಮಾರು 450 ಅಂತ ಬರೆದಿರುತ್ತಾರೆ. ಹಲ್ಮಿಡಿಗೆ ಹೋಗಿದ್ದಾರಾ ಕೇಳಿ. ಅದು ಬೇಲೂರು ತಾಲ್ಲೂಕಿನದೇ ಒಂದು ಸಣ್ಣ ಹಳ್ಳಿ. 1936ರಲ್ಲಿ ಪುರಾತತ್ವಜ್ಞ ಡಾ. ಎಂ.ಎಚ್. ಕೃಷ್ಣ ಅವರ ಗಮನಕ್ಕೆ ಬಂದ ಕಲ್ಲು ಅದು. ಮೂಲ ಶಾಸನ ಮೈಸೂರಿನಲ್ಲಿದೆ, ಊರಿನಲ್ಲಿ ಅದರ ಪ್ರತಿಕೃತಿ ನಿಲ್ಲಿಸಿದ್ದಾರೆ. ಪ್ರತಿಕೃತಿ ನೋಡಲು ಅಷ್ಟು ದೂರ ಯಾಕೆ ಅಂತ ಕೆಲವರು ಕೇಳುತ್ತಾರೆ. ಕಲ್ಲು ನೋಡಲು ಮೈಸೂರಿಗೆ ಹೋಗಬಹುದು, ಆದರೆ ಆ ಕನ್ನಡ ಇದ್ದದ್ದು ಈ ಗದ್ದೆ ಬಯಲಿನಲ್ಲಿ. ಮೇಷ್ಟ್ರುಗಳಿಗೆ ಆ ಊರಿನ ಮಣ್ಣಿನ ಮೇಲೆ ನಿಲ್ಲುವುದೇ ಬೇರೆ. ಶುಕ್ರವಾರ ಬೆಳಿಗ್ಗೆ ಬೇಲೂರು ದಾಟಿದ ಮೇಲೆ ಕೇಳಿಕೊಂಡು ಹೋಗಿ, ಒಂದೂವರೆ ಗಂಟೆ ಇಟ್ಟುಕೊಳ್ಳಿ.

ಒಂದು ಸಣ್ಣ ಟಾರ್ಚ್ ಜೊತೆಗಿರಲಿ. ಶಾಸನದ ಅಕ್ಷರಕ್ಕೆ ಎದುರಿನಿಂದ ಬೆಳಕು ಬಿಟ್ಟರೆ ಏನೂ ಕಾಣುವುದಿಲ್ಲ. ಟಾರ್ಚನ್ನು ಕಲ್ಲಿಗೆ ತಾಗುವಷ್ಟು ಹತ್ತಿರ, ಪಕ್ಕದಿಂದ ಅಡ್ಡಲಾಗಿ ಹಿಡಿಯಿರಿ. ಪ್ರತಿ ಗೀರಿನೊಳಗೂ ನೆರಳು ಬೀಳುತ್ತದೆ, ಸವೆದ ಅಕ್ಷರವೂ ಎದ್ದು ಬರುತ್ತದೆ. ಹೊಯ್ಸಳರ ಕಾಲದ ಗುಂಡು ಅಕ್ಷರ ನಿಧಾನವಾಗಿ ಓದಿದರೆ ನಮಗೂ ಅಲ್ಲೊಂದು ಇಲ್ಲೊಂದು ಪದ ಸಿಗುತ್ತದೆ. ಬೇಲೂರಿನಲ್ಲಿ ಶಿಲ್ಪಿಗಳು ತಮ್ಮ ಹೆಸರನ್ನೇ ಕೆತ್ತಿದ್ದಾರೆ. ಬಳ್ಳಿಗಾವಿಯ ದಾಸೋಜ, ಅವನ ಮಗ ಚಾವಣ ಅಲ್ಲಿ ಕೆಲಸ ಮಾಡಿದವರು. ಅಪ್ಪ ಮಗ ಇಬ್ಬರೂ ಒಂದೇ ಗುಡಿಯಲ್ಲಿ. ಮದನಿಕೆಯರು ಮೇಲೆ ಸೂರಿನ ಕೆಳಗೆ ಇರುತ್ತಾರೆ, ಕತ್ತೆತ್ತಿ ನೋಡಿ ನೋಡಿ ತಂದೆಗೆ ಕತ್ತು ನೋಯಬಹುದು, ಫೋನಿನಲ್ಲಿ ಹತ್ತಿರಕ್ಕೆ ಎಳೆದು ಫೋಟೋ ತೆಗೆದು ತೋರಿಸಿ.

ಮೇಷ್ಟ್ರ ಮಗ

ಇಷ್ಟು ಚೆನ್ನಾಗಿ ಬರೆದಿದ್ದೀರಿ, ಎಲ್ಲರಿಗೂ ಧನ್ಯವಾದ. ರಜೆ ಎರಡು ದಿನ ಜಾಸ್ತಿ ಕೇಳಿದೆ, ಸಿಕ್ಕಿತು. ಬುಧವಾರ ಹೊರಡುವುದು ಗಟ್ಟಿ. ಹಲ್ಮಿಡಿ ಬಗ್ಗೆ ಇವತ್ತು ರಾತ್ರಿ ಅಪ್ಪನನ್ನು ಕೇಳುತ್ತೇನೆ. ಕೊಪ್ಪದ ಕಡೆಯವರು ಯಾರಾದರೂ ಇದ್ದೀರಾ? ಚಿಕ್ಕಪ್ಪನ ಮನೆಯಲ್ಲಿ ಒಂದು ರಾತ್ರಿ ಸಾಕಾ, ಎರಡು ಬೇಕಾ?

ಕೊಪ್ಪ ತಾಲ್ಲೂಕು

ಎರಡು ರಾತ್ರಿ. ಆಲ್ದೂರಿನಿಂದ ಬಾಳೆಹೊನ್ನೂರು, ಜಯಪುರದ ಮೇಲೆ ಕೊಪ್ಪಕ್ಕೆ ಬರುವ ರಸ್ತೆ ಪೂರ್ತಿ ತಿರುವು, ಕಿಲೋಮೀಟರ್ ಲೆಕ್ಕ ಹಾಕಬೇಡಿ. ವಯಸ್ಸಾದವರಿಗೆ ತಲೆ ಸುತ್ತುತ್ತದೆ, ನಿಧಾನವಾಗಿ ಬನ್ನಿ, ಒಂದು ನಿಂಬೆಹಣ್ಣು ಕೈಯಲ್ಲಿ ಇರಲಿ. ಶನಿವಾರ ಬೆಳಿಗ್ಗೆ ತಿಂಡಿ ತಿಂದು ಬಿಟ್ಟರೆ ಮಧ್ಯಾಹ್ನದ ಊಟಕ್ಕೆ ಚಿಕ್ಕಪ್ಪನ ಮನೆ.

ಭಾನುವಾರ ಕುಪ್ಪಳಿ. ಕೊಪ್ಪದಿಂದ ಹತ್ತಿರ, ತಾಲ್ಲೂಕು ಮಾತ್ರ ತೀರ್ಥಹಳ್ಳಿ. ಕುವೆಂಪು ಅವರ ಮನೆ ಈಗ ಮ್ಯೂಸಿಯಂ, ನಾವೆಲ್ಲ ಕವಿಮನೆ ಅಂತೇವೆ. ಮೂರು ಅಂತಸ್ತಿನ ಹೆಂಚಿನ ಮನೆ, ನಡುವೆ ತೊಟ್ಟಿ, ಹಳೆಯ ಕಾಲದ ಪಾತ್ರೆ ಪಗಡೆ, ಮರದ ಕಂಬಗಳು. ಮೇಲಿನ ಅಂತಸ್ತಿಗೆ ಮೆಟ್ಟಿಲು ಇದೆ, ತಂದೆಗೆ ಕಷ್ಟವಾದರೆ ಕೆಳಗಿನ ಭಾಗವೇ ಸಾಕಷ್ಟು ಇದೆ. ಕವಿಶೈಲದ ಬಂಡೆಯ ಮೇಲೆ ಅವರ ಸಮಾಧಿ ಇದೆ. ಬರುವಾಗ ಒಂದು ವಿಷಯ ತಂದೆಗೆ ನೆನಪಿಸಿ. ಕುವೆಂಪು ಬೆಳೆದದ್ದು ಕುಪ್ಪಳಿಯಲ್ಲಿ, ಹುಟ್ಟಿದ್ದು ನಮ್ಮ ಕೊಪ್ಪ ತಾಲ್ಲೂಕಿನ ಹಿರೇಕೊಡಿಗೆಯಲ್ಲಿ, 1904ರ ಡಿಸೆಂಬರ್ 29ಕ್ಕೆ, ತಾಯಿಯ ತವರಿನಲ್ಲಿ. ನಮ್ಮ ಊರಿನವರಿಗೆ ಅದು ಹೆಮ್ಮೆ.

ಚಿಕ್ಕಪ್ಪನನ್ನೂ ಕವಿಮನೆಗೆ ಕರೆದುಕೊಂಡು ಹೋಗಿ. ಮಲೆನಾಡಿನ ಹಳೆಯವರು ಆ ಅಡುಗೆಮನೆಯಲ್ಲಿ ನಿಂತರೆ ಒಂದೊಂದು ಸಾಮಾನಿನ ಹೆಸರೂ ಹೇಳುತ್ತಾರೆ. ಇದು ನಮ್ಮ ಮನೆಯಲ್ಲಿ ಯಾವ ಮೂಲೆಯಲ್ಲಿ ಇರುತ್ತಿತ್ತು, ಯಾರು ಬಳಸುತ್ತಿದ್ದರು ಅಂತ ಶುರು ಮಾಡುತ್ತಾರೆ. ಚೀಟಿಯಲ್ಲಿ ಬರೆದದ್ದಕ್ಕಿಂತ ಅದು ಜಾಸ್ತಿ.

ಕೊನೆಗೆ ಒಂದು. ಡಿಕ್ಕಿ ಖಾಲಿ ಇಟ್ಟುಕೊಂಡು ಬನ್ನಿ, ಬಟ್ಟೆ ಬ್ಯಾಗು ಎರಡಕ್ಕೆ ನಿಲ್ಲಿಸಿ. ಹಾಸನದಲ್ಲಿ ತೆಂಗಿನಕಾಯಿ ಮೂಟೆ ಹಾಕುತ್ತಾರೆ, ತೋಟದಲ್ಲಿ ಕಾಫಿ ಪುಡಿ, ಮೆಣಸು, ಕಿತ್ತಳೆ ಕೊಡುತ್ತಾರೆ, ನಮ್ಮ ಕಡೆ ಅಪ್ಪೆಮಿಡಿ ಉಪ್ಪಿನಕಾಯಿ ಡಬ್ಬಿ, ಬಾಳೆಗೊನೆ. ಬೇಡ ಅನ್ನಲು ಆಗುವುದಿಲ್ಲ. ಉಪ್ಪಿನಕಾಯಿ ಡಬ್ಬಿಯನ್ನು ಪ್ಲಾಸ್ಟಿಕ್ ಕವರಿನಲ್ಲಿ ಗಂಟು ಹಾಕಿ ಕಾಲಿನ ಹತ್ತಿರ ಇಟ್ಟುಕೊಳ್ಳಿ, ತಿರುವಿನಲ್ಲಿ ಉರುಳಿದರೆ ಎಣ್ಣೆ ಕಲೆ ಹೋಗುವುದಿಲ್ಲ. ಸೋಮವಾರ ವಾಪಸ್ ಹೋಗುವಾಗ ಚಿಕ್ಕಮಗಳೂರು, ಕಡೂರು, ಅರಸೀಕೆರೆ, ತಿಪಟೂರಿನ ಮೇಲೆ ಹೋಗಿ. ನಿಮ್ಮ ತಂದೆ ಕೆಲಸ ಮಾಡಿದ ಊರಿನ ಕಡೆಯೇ ಅಲ್ವಾ.

ಮೇಷ್ಟ್ರ ಮಗ

ಅರಸೀಕೆರೆ ನನಗೆ ಹೊಳೆದೇ ಇರಲಿಲ್ಲ. ಸೋಮವಾರ ಅಂದರೆ ಶಾಲೆ ಇರುತ್ತದೆ, ಗೇಟಿನ ಹತ್ತಿರ ಹತ್ತು ನಿಮಿಷ ನಿಲ್ಲಿಸುತ್ತೇನೆ.

ರಾತ್ರಿ ಹಲ್ಮಿಡಿ ಬಗ್ಗೆ ಕೇಳಿದೆ. ಅಪ್ಪ ಹೋಗಿಲ್ಲ. ಹೋಗಿಲ್ಲ ಅಂದವರು ಎದ್ದು ಹೋಗಿ ಒಂದು ಹಳೆಯ ನೋಟ್‌ಬುಕ್ ತಂದರು, ಅದರಲ್ಲಿ ಶಾಸನದ ಮೊದಲ ಸಾಲುಗಳನ್ನು ಕೈಯಲ್ಲಿ ಬರೆದುಕೊಂಡಿದ್ದಾರೆ, ಪ್ರತಿ ವರ್ಷ ಅದನ್ನು ನೋಡಿಯೇ ಬೋರ್ಡಿನ ಮೇಲೆ ಬರೆಯುತ್ತಿದ್ದರಂತೆ. ಪುಟದ ಅಂಚು ಚಾಕ್ ಪುಡಿ ಹತ್ತಿ ಹತ್ತಿ ಬೆಳ್ಳಗಾಗಿದೆ. ಆ ನೋಟ್‌ಬುಕ್ ಈಗಲೇ ಬ್ಯಾಗಿನಲ್ಲಿ ಇಟ್ಟಾಗಿದೆ.

ಬೇಲೂರಿನ ಮೇಡಂ, ಇವತ್ತು ಬೆಳಿಗ್ಗೆ ಅತ್ತೆಗೆ ಫೋನ್ ಮಾಡಿ, ಗುರುವಾರ ನೀವೂ ನಮ್ಮ ಜೊತೆ ಬರಬೇಕು ಅಂದೆ. ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ, ಎಷ್ಟು ಗಂಟೆಗೆ ರೆಡಿಯಾಗಬೇಕು ಅಂದರು. ಎಂಟಕ್ಕೆ ಅಂದೆ. ಮೂರು ಜೊತೆ ಕಾಲುಚೀಲವೂ ಒಂದು ಟಾರ್ಚೂ ತಂದಿದ್ದೇನೆ.